ಮಾರ್ಚ್ ಮೊದಲ ಶನಿವಾರ

"ಈ ನೊಣ ಕಟ್ಟಿದವರು ಒಂದು ದಿನಾನೂ ಮೀನಿನ ಮುಖ ನೋಡಿರೋ ಹಾಗಿಲ್ಲ."

ಅಂಗಡಿಯ ಮೂಲೆಯಲ್ಲಿ, ಗಾಳದ ಸಾಮಾನಿನ ಗೂಡಿನ ಮುಂದೆ ನಿಂತು ಆ ಮನುಷ್ಯ ತನಗೆ ತಾನೇ ಹೇಳಿಕೊಂಡ. ಅವನ ಅಂಗೈಯಲ್ಲಿ ಒಂದು ಪುಟ್ಟ ಡಬ್ಬಿಯಿತ್ತು. ಅದರೊಳಗೆ ಕೋಳಿಯ ಗರಿ, ಮೊಲದ ತುಪ್ಪಳ, ರೇಷ್ಮೆ ದಾರ ಸುತ್ತಿ ಕೊಕ್ಕೆಯ ಮೇಲೆ ಕಟ್ಟಿದ ಹನ್ನೆರಡು ಕಪ್ಪು ನೊಣಗಳು. ಟ್ರೌಟ್ ಮೀನನ್ನು ಮರುಳು ಮಾಡುವುದಕ್ಕೆಂದೇ ಕಟ್ಟಿದವು.

ಗಲ್ಲಾದ ಹಿಂದೆ ಕೂತಿದ್ದ ಸಿಗ್ನೆ ಹೌಗೆನ್ ಹದಿಮೂರನೆಯದನ್ನು ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

"ನಿಜ. ಮೀನೂ ಅವರ ಮುಖ ನೋಡಿಲ್ಲ. ಅದಕ್ಕೇ ಬೇಗ ಮೋಸ ಹೋಗುತ್ತೆ," ಎಂದಳು.

ಅವನು ತಿರುಗಿದ. ಅವಳ ಬೆರಳ ತುದಿಯ ದಾರ ನೋಡಿದ. ಅವನ ಕಿವಿಗಳೆರಡೂ ನಿಧಾನವಾಗಿ ಕೆಂಪಾದವು. ರೆಕ್ಕೆ ಒಂಚೂರು ಉದ್ದವಾಯಿತು ಅಂದೆ ಅಷ್ಟೇ, ಮಾರ್ಚ್ ತಿಂಗಳ ನೊಣ ರೆಕ್ಕೆಯನ್ನು ಬೆನ್ನಿಗೆ ಅಂಟಿಸಿಕೊಂಡಿರುತ್ತದೆ ಎಂದು ಏನೇನೋ ತೊದಲಿದ. ಸಿಗ್ನೆ ಕತ್ತರಿ ತೆಗೆದುಕೊಂಡು ಎಳ್ಳಿನಷ್ಟು ರೆಕ್ಕೆ ಕತ್ತರಿಸಿ, ನೊಣವನ್ನು ಅಂಗೈ ಮೇಲಿಟ್ಟು ಅವನ ಮುಂದೆ ಚಾಚಿದಳು.

"ಈಗ?"

ಅವನು ನೊಣವನ್ನು ಬಹಳ ಹೊತ್ತು ನೋಡಿದ. ಆಮೇಲೆ ಅದನ್ನು ಚಾಚಿದವಳನ್ನು ಇನ್ನೂ ಒಂದಿಷ್ಟು ಹೊತ್ತು ನೋಡಿದ.

ಅದು ತೊಂಬತ್ತೆಂಟರ ಜನವರಿ. ವೆಸ್ಟ್‌ಹೈಮ್ ಊರಿನ ಒಂದೇ ಬೀದಿಯಲ್ಲಿ ಮೊಳಕಾಲುದ್ದ ಹಿಮ. ಹಿಂಡಿ ಅಂಗಡಿಯ ಹೊರಗೆ ಅವನ ಹಾಲಿನ ಟ್ಯಾಂಕರ್ ಗುರುಗುಟ್ಟುತ್ತ ನಿಂತಿತ್ತು. ಆ ಚಳಿಗೆ ಇಂಜಿನ್ ಆರಿಸಿದರೆ ಮತ್ತೆ ಹೊತ್ತಿಕೊಳ್ಳುವ ಭರವಸೆಯಿರಲಿಲ್ಲ. ಅವನ ಹೆಸರು ಓರಿನ್ ಬ್ರೆಕ್ಕೆ. ದೊಡ್ಡ ನದಿಯಾಚೆ ಅಯೋವಾ ಕಡೆಯವನು. ಹೊಸ ವರ್ಷದಿಂದ ಈ ಕಣಿವೆಯ ಕೊಟ್ಟಿಗೆಗಳ ಹಾಲು ಒಯ್ಯುವ ಕೆಲಸ ಅವನ ಪಾಲಿಗೆ ಬಂದಿತ್ತು. ನಲವತ್ತಾರು ವರ್ಷ, ಮದುವೆಯಾಗಿರಲಿಲ್ಲ. ಇಷ್ಟನ್ನೂ ಅಂಗಡಿಯ ಒಡತಿ ಮುದುಕಿ ಬರ್ನೀಸ್ ಎರಡೇ ದಿನದಲ್ಲಿ ತಿಳಿದುಕೊಂಡು ಬಂದು ಸಿಗ್ನೆಗೆ ಒಪ್ಪಿಸಿದಳು, ಯಾರೂ ಕೇಳದಿದ್ದರೂ.

ಅಲ್ಲಿಂದ ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ ಟ್ಯಾಂಕರ್ ಅಂಗಡಿಯ ಮುಂದೆ ನಿಲ್ಲತೊಡಗಿತು. ಮೊದಲು ದಾರ ಬೇಕಿತ್ತು. ಆಮೇಲೆ ಕೊಕ್ಕೆ. ಆಮೇಲೆ ಮತ್ತೆ ದಾರ. ಅವನು ಕೊಂಡ ದಾರದಲ್ಲಿ ಇಷ್ಟು ಹೊತ್ತಿಗೆ ಒಂದು ಸ್ವೆಟರ್ ಹೆಣೆಯಬಹುದಿತ್ತು ಎಂದು ಬರ್ನೀಸ್ ಅವನಿಗೆ ಕೇಳುವಂತೆಯೇ ಅಂದಳು. ಮುಂದಿನ ವಾರದಿಂದ ಅವನು ನೆಪ ಹೇಳುವುದನ್ನೇ ಬಿಟ್ಟು ಸುಮ್ಮನೆ ಬಂದು ಕೂರತೊಡಗಿದ.

ಆ ಕಣಿವೆಯ ಹಳ್ಳಗಳು ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ಸುಣ್ಣಕಲ್ಲಿನ ಗುಡ್ಡಗಳ ಹೊಟ್ಟೆಯಿಂದ ಬರುವ ನೀರು. ವರ್ಷವಿಡೀ ಒಂದೇ ತಂಪು. ಎರಡೂ ದಡದಲ್ಲಿ ಬಿಳಿ ಹಿಮ, ನಡುವೆ ನೀರಸೊಪ್ಪಿನ ಹಸಿರು, ಆ ಹಸಿರಿನ ನೆರಳಲ್ಲಿ ಮೀನು. ಕಣ್ಣಿಗೆ ಕಾಣುತ್ತದೆ, ಮುಟ್ಟುವ ಹಾಗಿಲ್ಲ. ಮಾರ್ಚ್ ಮೊದಲ ಶನಿವಾರದವರೆಗೆ ಗಾಳ ಹಾಕುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ. ಆಗಲೂ ಹಿಡಿದ ಮೀನನ್ನೆಲ್ಲ ವಾಪಸು ಬಿಡಬೇಕು. ಆದರೂ ಆ ಒಂದು ದಿನಕ್ಕಾಗಿ ಜನ ಜನವರಿಯಿಂದಲೇ ಬೂಟಿಗೆ ತೇಪೆ ಹಾಕುತ್ತಾರೆ, ದಾರಕ್ಕೆ ಮೇಣ ಹಚ್ಚುತ್ತಾರೆ, ಹೋದ ವರ್ಷ ಕೈತಪ್ಪಿದ ಮೀನನ್ನು ದಿನಕ್ಕೊಂದು ಅಂಗುಲ ಬೆಳೆಸುತ್ತಾರೆ.

ಓರಿನ್ ಒಂದು ದಿನ ನಕ್ಷೆ ತಂದು ಕೋಳಿಕಾಳಿನ ಮೂಟೆಯ ಮೇಲೆ ಹರಡಿದ. ಕೂದಲೆಳೆಯಂಥ ನೀಲಿ ಗೆರೆಗಳು. ಜನ ಹೋಗದ ಸಣ್ಣ ಹಳ್ಳ ಯಾವುದು ಎಂದು ಕೇಳಿದ. ಸಿಗ್ನೆ ಉಗುರಿನಿಂದ ಒಂದನ್ನು ತೋರಿಸಿದಳು. ಓಲ್ಸ್‌ಬಿ ಹಳ್ಳ. ಜಿಗಿದರೆ ದಾಟಬಹುದು, ಅಷ್ಟೇ ಅಗಲ. ಮೀನಿಗೆ ನೆರಳು ಬೀಳಬಾರದೆಂದರೆ ಮೊಣಕಾಲೂರಿ ಹೋಗಬೇಕು. ಇಲ್ಲಿ ಬಾಗಿದ ವಿಲೋ ಮರ, ಇಲ್ಲಿ ಹಸು ನೀರು ಕುಡಿಯುವ ಇಳಿಜಾರು, ಇಲ್ಲಿ ಬಂಡೆಯ ಕೆಳಗೆ ಆಳ. ಅವಳು ಹೇಳುತ್ತ ಹೋದಂತೆ ಅವನು ನಕ್ಷೆ ನೋಡುವುದನ್ನು ಬಿಟ್ಟು ಅವಳ ಬೆರಳನ್ನು ನೋಡುತ್ತಿದ್ದ. ಫೆಬ್ರವರಿ ಮುಗಿಯುವುದರೊಳಗೆ ಅವರಿಬ್ಬರೂ ಆ ಮೂಟೆಯ ಪಕ್ಕ ಕೂತೇ ಆ ಹಳ್ಳವನ್ನು ತಿರುವು ತಿರುವಾಗಿ ಎಷ್ಟೋ ಸಲ ನಡೆದು ಬಂದರು.

"ಇಷ್ಟೆಲ್ಲ ಗೊತ್ತಿದೆ, ನೀವು ಅಲ್ಲಿ ಎಷ್ಟು ಮೀನು ಹಿಡಿದಿದ್ದೀರಿ?" ಎಂದು ಅವನು ಕೇಳಿದ.

ಅವಳು ಒಂದೂ ಇಲ್ಲ ಎಂದಳು. ಗಾಳದ ಕೋಲನ್ನೇ ಹಿಡಿದವಳಲ್ಲ. ನೊಣ ಕಟ್ಟುವುದಷ್ಟೇ ಬರುತ್ತದೆ. ಹಳ್ಳದ ಕಥೆಯೆಲ್ಲ ಗಂಡ ಹೇಳಿದ್ದು. ಕಲಿಸುತ್ತೇನೆ ಅಂತಿದ್ದ, ಆದರೆ ದಿನಕ್ಕೆರಡು ಸಲ ಹಾಲು ಕರೆಯುವ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಹೊರಡುವ ದಿನ ಬರಲೇ ಇಲ್ಲ. ಹೇಳುತ್ತ ಅವಳು ಗಲ್ಲಾದ ಕೆಳಗಿಂದ ಗಂಡನ ಹಳೆಯ ನೊಣದ ಪೆಟ್ಟಿಗೆ ತೆಗೆದು ತೋರಿಸಿದಳು.

ಓರಿನ್ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದ.

"ಅವರು ಹೋಗಿ ಎಷ್ಟು ವರ್ಷ ಆಯ್ತು?"

"ನಾಲ್ಕು ವರ್ಷ."

ಅವನು ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಆ ಟೋಪಿ ತಲೆಯಿಂದ ಇಳಿದಾಗಲೇ ಸಿಗ್ನೆಗೆ ಅವನು ಏನೆಂದುಕೊಂಡನೆಂದು ತಿಳಿದುಹೋಯಿತು. ಬಾಯಿ ತೆರೆದಳು. ಯಾರೋ ದನ ನೆಕ್ಕುವ ಉಪ್ಪಿನ ಗಟ್ಟಿ ಕೇಳಿಕೊಂಡು ಒಳಗೆ ಬಂದರು. ಅವರು ಹೋದ ಮೇಲೂ ಆ ಮಾತು ಬಾಯಿಂದ ಹೊರಗೆ ಬರಲಿಲ್ಲ.

ಡೆಲ್ಮರ್ ಹೌಗೆನ್ ಸತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಹುಲ್ಲಟ್ಟದಿಂದ ಕಾಲು ಜಾರಿ ಸಿಮೆಂಟಿನ ನೆಲಕ್ಕೆ ತಲೆ ಬಡಿದು ಬಿದ್ದ. ಆರು ವಾರ ಕಣ್ಣು ಬಿಡಲಿಲ್ಲ. ಕಣ್ಣು ಬಿಟ್ಟವನ ಮನಸ್ಸಿಗೆ ಇಪ್ಪತ್ತನಾಲ್ಕೇ ವರ್ಷ. ಅದರ ಮುಂದಿನದ್ದೆಲ್ಲ ಒರೆಸಿಹೋಗಿತ್ತು, ಹೊಸದೇನೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಮೈ ಗಟ್ಟಿಯಾಗಿತ್ತು, ನಗು ಹಾಗೇ ಇತ್ತು. ಆದರೆ ಒಲೆ ಹಚ್ಚಿ ಮರೆಯುತ್ತಿದ್ದ, ಹಿಮದಲ್ಲಿ ಬರಿಗಾಲಲ್ಲಿ ಹೊರಟುಬಿಡುತ್ತಿದ್ದ. ಹನ್ನೆರಡು ಮೈಲಿ ದೂರದ ಆರೈಕೆ ಮನೆಯಲ್ಲಿ ಇರಿಸದೆ ಗತಿಯಿರಲಿಲ್ಲ. ಸಿಗ್ನೆ ಹಸುಗಳನ್ನು ಮಾರಿದಳು. ಗುರುವಾರ, ಭಾನುವಾರ ಹೋಗಿ ಅವನ ಪಕ್ಕ ಕೂತು ಬರುತ್ತಿದ್ದಳು. ಅವನ ನೆನಪಿನ ಸಿಗ್ನೆಗೆ ಹತ್ತೊಂಬತ್ತು ವರ್ಷ, ಸೊಂಟದವರೆಗೆ ಜಡೆ. ಎದುರಿಗೆ ಬಂದು ಕೂರುವ ಈ ಗಿಡ್ಡ ಕೂದಲಿನ ಹೆಂಗಸು ಯಾರೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಬಹಳ ಮರ್ಯಾದೆಯಿಂದ ಅವಳನ್ನು ಅಕ್ಕಾ ಎಂದು ಕರೆಯುತ್ತಿದ್ದ.

ಗಂಡನ ಬಾಯಲ್ಲಿ ಅಕ್ಕ. ಮೊದಲ ವರ್ಷ ಕಾರಿನಲ್ಲಿ ಕೂತು ಅತ್ತಿದ್ದಳು. ಆಮೇಲೆ ಅಳುವೂ ಹಳೆಯದಾಯಿತು.

ಇದನ್ನೆಲ್ಲ ಓರಿನ್‌ಗೆ ಮಂಗಳವಾರ ಹೇಳುತ್ತೇನೆ ಅಂದುಕೊಂಡಳು. ಮಂಗಳವಾರ ಅವನು ಅಂಗಡಿಯ ಹಿತ್ತಲಿಗೆ ಕರೆದೊಯ್ದು, ಕೊಕ್ಕೆಯ ಬದಲು ಕೆಂಪು ಉಣ್ಣೆಯ ಎಳೆ ಕಟ್ಟಿದ ಕೋಲನ್ನು ಅವಳ ಕೈಗೆ ಕೊಟ್ಟ. ಹಿಮದ ಮೇಲೆ ಬೀಸುವುದನ್ನು ಕಲಿಸಿದ. ಹಿಂದೆ ನಿಂತು ಅವಳ ಮಣಿಕಟ್ಟು ಹಿಡಿದ. ಅವನ ಕೋಟಿನಿಂದ ಹಾಲಿನ, ಡೀಸೆಲ್ಲಿನ ವಾಸನೆ ಬರುತ್ತಿತ್ತು.

"ಹಿಂದೆ ಹೋದ ದಾರ ಪೂರ್ತಿ ನೆಟ್ಟಗಾಗಲಿ, ಆಮೇಲೆ ಮುಂದೆ ತಗೋ. ನೀನು ಅವಸರ ಮಾಡ್ತೀಯ."

ನೀನು ಎಂದದ್ದು ಇಬ್ಬರಿಗೂ ಕೇಳಿಸಿತು. ಇಬ್ಬರೂ ಕೇಳಿಸದವರ ಹಾಗೆ ಕೆಂಪು ಎಳೆಯನ್ನೇ ನೋಡಿದರು. ಅವಳ ಕೈ ಸುಮ್ಮನೆ ಇನ್ನೆರಡು ಸಲ ತಪ್ಪು ಬೀಸಿತು, ಅವನು ಮಣಿಕಟ್ಟು ಬಿಡದಿರಲಿ ಎಂದು.

ಕಿಟಕಿಯಿಂದ ನೋಡುತ್ತಿದ್ದ ಬರ್ನೀಸ್ ಅವತ್ತು ತಮಾಷೆ ಮಾಡಲಿಲ್ಲ. ಅವನು ಹೊರಟ ಮೇಲೆ ಅವಳು ಹೇಳಿದ್ದು ಇಷ್ಟೇ: "ನೀನಾಗೇ ಹೇಳಿಬಿಡು ಮಗಳೇ. ಊರು ಹೇಳೋಕೆ ಮುಂಚೆ."

ಆ ಶುಕ್ರವಾರ ಸಂಜೆ ಓರಿನ್ ಅವಳನ್ನು ಊರಾಚೆಯ ಹೋಟೆಲಿಗೆ ಮೀನೂಟಕ್ಕೆ ಕರೆದ. ಆ ಸೀಮೆಯ ವಾಡಿಕೆಯಂತೆ ಶುಕ್ರವಾರದ ಕರಿದ ಮೀನು, ಕೋಸಿನ ಪಚಡಿ, ರೈ ಬ್ರೆಡ್ಡು. ಅವನು ಕುರ್ಚಿಯ ಕೆಳಗಿಂದ ಒಂದು ಪೆಟ್ಟಿಗೆ ತೆಗೆದ. ತೊಡೆಯವರೆಗಿನ ರಬ್ಬರ್ ಬೂಟು, ಹೆಂಗಸರ ಅಳತೆ. ಅಳತೆ ಹೇಗೆ ಸಿಕ್ಕಿತು ಎಂದರೆ, ಹಿತ್ತಲಿನ ಹಿಮದಲ್ಲಿ ಅವಳ ಹೆಜ್ಜೆ ಬಿದ್ದಲ್ಲಿ ಗೇಣು ಹಾಕಿ ನೋಡಿದ್ದನಂತೆ. ಅದನ್ನು ಹೇಳುವಾಗ ಮತ್ತೆ ಅವನ ಕಿವಿ ಕೆಂಪಾಯಿತು. ಆಮೇಲೆ, ಇಷ್ಟು ವರ್ಷ ಒಬ್ಬನೇ ಇದ್ದದ್ದು ಅಭ್ಯಾಸವಾಗಿಬಿಟ್ಟಿತ್ತು, ಈಗ ಆ ಅಭ್ಯಾಸ ಬೇಡ ಅನಿಸುತ್ತಿದೆ ಎಂದು ಶುರು ಮಾಡಿದ.

ಸಿಗ್ನೆ ಅವನ ಮಾತನ್ನು ಮುಗಿಯಗೊಡಲಿಲ್ಲ.

"ನನ್ನ ಗಂಡ ಬದುಕಿದ್ದಾನೆ."

ಎಲ್ಲವನ್ನೂ ಹೇಳಿದಳು. ಅವನು ಮುಳ್ಳುಚಮಚ ಕೆಳಗಿಟ್ಟು ಕೇಳಿದ. ಮೀನು ತಣ್ಣಗಾಯಿತು.

"ನಾನು ಟೋಪಿ ತೆಗೆದಾಗಲೇ ಹೇಳಬಹುದಿತ್ತು," ಎಂದ ಕೊನೆಗೆ.

"ಹೌದು."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಶುಕ್ರವಾರ ನೀವು ಬರ್ತಿರಲಿಲ್ಲ."

ಅವನು ಎದ್ದು ಕೋಟು ಹಾಕಿಕೊಂಡ. ಸಿಟ್ಟಿನ ಮಾತೊಂದೂ ಆಡಲಿಲ್ಲ. ಆಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವಳನ್ನು ಮನೆಯ ಬಾಗಿಲವರೆಗೆ ಬಿಟ್ಟು, ಬೂಟಿನ ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟು ಹೊರಟುಹೋದ. ಮುಂದಿನ ಮಂಗಳವಾರ ಟ್ಯಾಂಕರ್ ಅಂಗಡಿಯ ಮುಂದೆ ನಿಲ್ಲದೆ ಮುಂದೆ ಹೋಯಿತು. ಸಿಗ್ನೆ ಕಟ್ಟುತ್ತಿದ್ದ ನೊಣದ ದಾರ ಕೈಯಲ್ಲೇ ತುಂಡಾಯಿತು.

ಗುರುವಾರ ಆರೈಕೆ ಮನೆಗೆ ಹೋದಾಗ ಡೆಲ್ಮರನ ಕೋಣೆಯಿಂದ ನಗು ಕೇಳಿಸಿತು. ಬಾಗಿಲಲ್ಲೇ ನಿಂತಳು. ಕಿಟಕಿಯ ಪಕ್ಕ ಇಬ್ಬರು ಗಂಡಸರು ತಲೆಗೆ ತಲೆ ತಾಗಿಸಿ ಕೂತಿದ್ದರು. ನಡುವೆ ಮೇಜಿನ ಮೇಲೆ ಆ ನಕ್ಷೆ. ಡೆಲ್ಮರ್ ಬೆರಳಿಟ್ಟು ಇಲ್ಲಿ ವಿಲೋ, ಇಲ್ಲಿ ಬಂಡೆ ಎಂದು ಹೇಳುತ್ತಿದ್ದ, ಓರಿನ್ ಮೊದಲ ಸಲ ಕೇಳುತ್ತಿರುವವನ ಹಾಗೆ ತಲೆಯಾಡಿಸುತ್ತಿದ್ದ.

ಓರಿನ್ ಅವಳನ್ನು ನೋಡಿ ಎದ್ದು ಹೊರಗೆ ಬಂದ. ಓಣಿಯಲ್ಲಿ ಗೋಡೆಗೊರಗಿ ನಿಂತ. ಅವನು ಯಾಕೆ ಬಂದನೆಂದು ಅವಳು ಕೇಳಿದಳು. ತನಗೂ ಗೊತ್ತಿಲ್ಲ ಎಂದ. ಮೊದಲು ಒಂದು ಸಲ ಮುಖ ನೋಡಿ ಹೋಗೋಣವೆಂದು ಬಂದಿದ್ದನಂತೆ. ಇವತ್ತು ಮೂರನೆಯ ಸಲ.

"ಪ್ರತಿ ದಿನ ಬೆಳಗ್ಗೆ ಎದ್ದು ಗಾಳದ ಶನಿವಾರ ಬಂತಾ ಅಂತ ಕೇಳ್ತಾನಂತೆ, ಸಿಗ್ನೆ. ನಾಲ್ಕು ವರ್ಷದಿಂದ. ನಾನು ಎರಡು ತಿಂಗಳು ಕಾದಿದ್ದಕ್ಕೇ ದೊಡ್ಡದು ಅಂದ್ಕೊಂಡಿದ್ದೆ." ಅವನು ಕೋಣೆಯ ಕಡೆ ನೋಡಿದ. "ಕರ್ಕೊಂಡು ಹೋಗೋಣ. ಮೂರು ಜನಾನೂ."

ಶನಿವಾರ ಬಿಸಿಲು ಬಿತ್ತು. ಹಿಮದ ಮೇಲ್ಮೈ ಸಕ್ಕರೆಯ ಹಾಗೆ ಹರಳುಗಟ್ಟಿ, ಹೆಜ್ಜೆಯಿಟ್ಟಲ್ಲೆಲ್ಲ ಕರಕರ ಎನ್ನುತ್ತಿತ್ತು. ಓಲ್ಸ್‌ಬಿ ಹಳ್ಳದ ದಡದಲ್ಲಿ ನಿಜವಾದ ಕಪ್ಪು ನೊಣಗಳು ಹಿಮದ ಮೇಲೆ ಮೆಲ್ಲಗೆ ನಡೆದಾಡುತ್ತಿದ್ದವು, ರೆಕ್ಕೆಯನ್ನು ಬೆನ್ನಿಗೆ ಮಡಚಿಕೊಂಡು. ಆ ವರ್ಷದ ಮೊದಲ ಕೆಂಪುರೆಕ್ಕೆಯ ಹಕ್ಕಿಯೊಂದು ಒಣ ಜೊಂಡಿನ ಮೇಲೆ ಕೂತು ಕೂಗುತ್ತಿತ್ತು.

ಡೆಲ್ಮರನ ಕೈಗೆ ಕೋಲು ಕೊಡುವಾಗ ಓರಿನ್ ಹೆದರಿದ್ದ. ಹೆದರಬೇಕಾಗಿರಲಿಲ್ಲ. ಒಲೆ ಆರಿಸುವುದನ್ನು ಮರೆತ ಆ ಕೈಗಳು ಇದನ್ನು ಮರೆತಿರಲಿಲ್ಲ. ಅವನು ಗಾಳಿ ನೋಡಿದ, ಬಿಸಿಲು ನೋಡಿದ, ತನ್ನ ನೆರಳು ಯಾವ ಕಡೆ ಬೀಳುತ್ತದೆಂದು ನೋಡಿದ, ಮೊಣಕಾಲೂರಿ ಹಿಮದಲ್ಲಿ ತೆವಳಿದ. ದಾರದ ತುದಿಯ ನೊಣವನ್ನು ಕಣ್ಣಿನ ಹತ್ತಿರ ಹಿಡಿದು ಯಾರು ಕಟ್ಟಿದ್ದೆಂದು ಕೇಳಿದ. ಓರಿನ್ ಸಿಗ್ನೆಯ ಕಡೆ ಕೈ ತೋರಿಸಿದ.

"ಚೆನ್ನಾಗಿ ಕಟ್ಟಿದ್ದೀರಿ ಅಕ್ಕಾ. ನಮ್ಮ ಹುಡುಗೀಗೂ ಕಲಿಸ್ತಾ ಇದ್ದೀನಿ. ಅವಳ ಬೆರಳು ಬಹಳ ಚುರುಕು."

ಮೂರನೆಯ ಬೀಸಿಗೆ ಬಂಡೆಯ ಕೆಳಗಿಂದ ಒಂದು ಮೀನು ಎದ್ದಿತು. ಗೇಣುದ್ದವೂ ಇರಲಿಲ್ಲ. ಜೇನಿನ ಬಣ್ಣದ ಮೈಯಲ್ಲಿ ಕೆಂಪು ಚುಕ್ಕೆ. ಡೆಲ್ಮರ್ ಮೊದಲು ಕೈ ಒದ್ದೆ ಮಾಡಿಕೊಂಡು, ನೀರಿನಿಂದ ಪೂರ್ತಿ ಮೇಲೆತ್ತದೆಯೇ ಕೊಕ್ಕೆ ಬಿಡಿಸಿ, ಅದು ಸುಧಾರಿಸಿಕೊಳ್ಳುವವರೆಗೆ ಅಂಗೈಯಲ್ಲಿ ನಿಲ್ಲಿಸಿಕೊಂಡಿದ್ದು ಬಿಟ್ಟುಬಿಟ್ಟ. ಹದಿನೈದು ವರ್ಷದ ಸಂಸಾರದಲ್ಲಿ ಸಿಗ್ನೆ ಅವನ ಆ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ಅವನು ಬೆಳಗಾಗುವ ಮೊದಲೇ ಎದ್ದು ಇಲ್ಲಿಗೆ ಬರುತ್ತಿದ್ದದ್ದು ಯಾಕೆಂದು ಈಗ ಅರ್ಥವಾಯಿತು.

ಬಿಸಿಲಲ್ಲಿ ಕೂತು ಮೂವರೂ ಕಾಫಿ ಕುಡಿದರು. ಬೆಣ್ಣೆ ಸಕ್ಕರೆ ಸವರಿ ಸುರುಳಿ ಸುತ್ತಿದ ಆಲೂಗೆಡ್ಡೆಯ ತೆಳು ರೊಟ್ಟಿಯನ್ನು ಸಿಗ್ನೆ ಹಂಚಿದಳು. ಡೆಲ್ಮರ್ ಎರಡು ತಿಂದು, ಓರಿನ್ ಕಡೆ ವಾಲಿ, ಗಂಡಸರ ನಡುವಿನ ಗುಟ್ಟು ಎಂಬಂತೆ ಮಾತು ತೆಗೆದ. ಒಬ್ಬಳು ಹುಡುಗಿ ಇದ್ದಾಳೆ. ಸಿಗ್ನೆ ಅಂತ. ಮುಂದಿನ ಭಾನುವಾರ ಚರ್ಚಿನಿಂದ ಬರುವಾಗ ಕೇಳಿಬಿಡಬೇಕು ಅಂತಿದ್ದೇನೆ. ಅವಳನ್ನು ಇಲ್ಲಿಗೆ ಕರೆತರಬೇಕು, ಮೀನು ಹಿಡಿಯುವುದನ್ನು ಕಲಿಸಬೇಕು.

"ಒಪ್ಕೋತಾಳೆ ಅಂತೀಯಾ?" ಎಂದು ಕೇಳಿದ.

ಓರಿನ್ ಕೈಯಲ್ಲಿದ್ದ ಲೋಟದೊಳಗೆ ನೋಡಿದ. "ಒಪ್ಕೋತಾಳೆ," ಎಂದ.

ಡೆಲ್ಮರ್‌ಗೆ ಅಷ್ಟು ಸಾಲಲಿಲ್ಲ. ಹೆಂಗಸರಿಗೆ ಹೆಂಗಸರ ಮನಸ್ಸು ಗೊತ್ತು ಎಂದು ಈ ಕಡೆ ತಿರುಗಿದ. "ನೀವು ಹೇಳಿ ಅಕ್ಕಾ. ನನ್ನಂಥೋನನ್ನ ಅವಳು ಒಪ್ಕೋತಾಳಾ?"

ಸಿಗ್ನೆ ಅವನ ಮುಖ ನೋಡಿದಳು. ನಲವತ್ಮೂರರ ಸುಕ್ಕಿನೊಳಗೆ ಇಪ್ಪತ್ತನಾಲ್ಕರ ಕಣ್ಣು ದಿಗಿಲಿನಿಂದ ಕಾಯುತ್ತಿತ್ತು.

"ಹೂಂ ಅಂತಾಳೆ," ಎಂದಳು. "ನೀವು ಕೇಳಿ ಮುಗಿಸೋದ್ರೊಳಗೇ ಹೂಂ ಅಂದುಬಿಡ್ತಾಳೆ."

ಹತ್ತೊಂಬತ್ತು ವರ್ಷದ ಹಿಂದೆ ಆದದ್ದೂ ಹಾಗೆಯೇ.

ಮಧ್ಯಾಹ್ನದ ಹೊತ್ತಿಗೆ ಡೆಲ್ಮರ್ ದಣಿದು, ಓರಿನ್ ತಂದಿದ್ದ ಪಿಕಪ್ ಗಾಡಿಯಲ್ಲಿ ಕಂಬಳಿ ಹೊದ್ದು ನಿದ್ದೆಹೋದ. ಓರಿನ್ ಮತ್ತು ಸಿಗ್ನೆ ದಡಕ್ಕೆ ವಾಪಸು ಬಂದು ನಿಂತರು. ಅವಳು ಅವನು ಕೊಟ್ಟ ಬೂಟು ತೊಟ್ಟಿದ್ದಳು. ಸರಿಯಾಗಿ ಕೂತಿತ್ತು. ಇಬ್ಬರೂ ನೀರು ನೋಡುತ್ತಿದ್ದರು.

ತಾನು ಕಾಯುತ್ತೇನೆ ಎಂದ ಓರಿನ್. ಎಷ್ಟು ವರ್ಷವಾದರೂ ಸರಿ, ಬೇರೇನೂ ಕೇಳುವುದಿಲ್ಲ, ಮಂಗಳವಾರ ಶುಕ್ರವಾರ ಬಂದು ಕೂತು ಹೋಗುತ್ತೇನೆ.

"ಯಾವುದಕ್ಕೆ ಕಾಯ್ತೀಯಾ?" ಎಂದಳು ಸಿಗ್ನೆ. ಅವಳು ಅವನನ್ನು ನೀನು ಎಂದದ್ದು ಅದೇ ಮೊದಲು. "ಅವನು ಸಾಯಲಿ ಅಂತಲಾ? ನೀನು ಕಾಯೋಕೆ ಕೂತ್ರೆ ನಾನೂ ನಿನ್ನ ಪಕ್ಕ ಕೂತು ಕಾಯೋಕೆ ಶುರು ಮಾಡ್ತೀನಿ, ಓರಿನ್. ಗುರುವಾರ ಹೋದಾಗ ಅವನಿಗೊಂದು ಕೆಮ್ಮು ಬಂದ್ರೆ ನನ್ನ ಮನಸ್ಸು ಏನು ಅಂದ್ಕೊಳ್ಳುತ್ತೋ ನಂಗೇ ಭಯ. ಆ ಹುಡುಗ ಇನ್ನೂ ನನ್ನ ಕೇಳೋಕೇ ಹೆದರ್ತಾ ಇದ್ದಾನೆ. ಅವನ ಸಾವನ್ನ ನಾನು ಹೇಗೆ ಕಾಯಲಿ?"

ಓರಿನ್ ಮೊಣಕಾಲೂರಿ, ಹಳ್ಳದ ನೀರನ್ನು ಎರಡೂ ಕೈಯಲ್ಲಿ ಎತ್ತಿ ಮುಖಕ್ಕೆ ಹಾಕಿಕೊಂಡ. ಏಳುವಾಗ ಮುಖ ಒದ್ದೆಯಿತ್ತು. ಅದರಲ್ಲಿ ಎಷ್ಟು ನೀರು ಹಳ್ಳದ್ದೋ ಅವಳು ನೋಡಲು ಹೋಗಲಿಲ್ಲ.

"ಒಂದು ಸಲ ಹೇಳು. ಆಮೇಲೆ ಕೇಳಲ್ಲ."

"ನಿನ್ನ ಮೇಲೆ ನಂಗೆ ಜೀವ, ಓರಿನ್. ಮಂಗಳವಾರ ಬರಬೇಡ."

ಅವಳು ಅವನ ಒದ್ದೆ ಕೆನ್ನೆಗೆ ಅಂಗೈ ಒತ್ತಿದಳು. ಅವನು ಆ ಕೈಯ ಮೇಲೆ ತನ್ನ ಕೈಯಿಟ್ಟು ಕಣ್ಣು ಮುಚ್ಚಿದ. ಮರದಿಂದ ಹಿಮದ ಗಡ್ಡೆಯೊಂದು ಧಪ್ಪನೆ ಬಿತ್ತು. ಅವನು ಕೈ ತೆಗೆದ. ದಾರಿಯುದ್ದಕ್ಕೂ ಡೆಲ್ಮರ್ ಇಬ್ಬರ ನಡುವೆ ಕೂತು ನಿದ್ದೆಯಲ್ಲೇ ನಗುತ್ತಿದ್ದ.

ಓರಿನ್ ತಾನಾಗಿಯೇ ಕೇಳಿಕೊಂಡು ಉತ್ತರ ದಿಕ್ಕಿನ ಹಾಲಿನ ದಾರಿಗೆ ವರ್ಗ ಮಾಡಿಸಿಕೊಂಡನೆಂದು ಬರ್ನೀಸ್ ಹೇಳಿದಳು. ಹೊಸ ಟ್ಯಾಂಕರಿನವನಿಗೆ ಮೀನಿನ ಹುಚ್ಚಿರಲಿಲ್ಲ.

ಏಪ್ರಿಲಿನಿಂದ ಸಿಗ್ನೆ ಪ್ರತಿ ಶನಿವಾರ ಡೆಲ್ಮರನನ್ನು ಹಳ್ಳಕ್ಕೆ ಕರೆತರತೊಡಗಿದಳು. ಪ್ರತಿ ಸಲವೂ ಅವನಿಗೆ ಅದು ಮೊದಲ ಶನಿವಾರವೇ. ಪ್ರತಿ ಸಲವೂ ಈ ಅಪರಿಚಿತ ಅಕ್ಕನಿಗೆ ಕೋಲು ಬೀಸುವುದನ್ನು ಮೊದಲಿನಿಂದ ಕಲಿಸುತ್ತಿದ್ದ. ಅವಳಿಗೂ ಒಂದೆರಡು ಮೀನು ಸಿಕ್ಕವು.

ಮೇ ತಿಂಗಳ ಒಂದು ಶನಿವಾರ ದಡದಲ್ಲೆಲ್ಲ ಜೌಗಿನ ಹಳದಿ ಹೂ ತುಂಬಿತ್ತು. ನೋಡುತ್ತಿದ್ದ ಹಾಗೆ ಸಿಗ್ನೆಗೆ ಅಳು ಬಂತು. ಇಂಥದೇ ಕಾರಣವೆಂದೇನೂ ಇರಲಿಲ್ಲ. ಕೋಲನ್ನು ಹುಲ್ಲಿನ ಮೇಲಿಟ್ಟು, ಮೊಣಕಾಲಲ್ಲಿ ಮುಖ ಹುದುಗಿಸಿ ಅತ್ತಳು. ಡೆಲ್ಮರ್ ದಾರ ಸುತ್ತಿಕೊಂಡು ಬಂದು, ಮರ್ಯಾದೆಗೆ ಒಂದು ಮಾರು ದೂರ ಬಿಟ್ಟು ಕೂತ. ಕೇಳುವುದು ತಪ್ಪಾದರೆ ಕ್ಷಮಿಸಿ, ಏನಾಯಿತು ಎಂದು ಕೇಳಿದ.

"ಒಬ್ಬರ ಮೇಲೆ ಮನಸ್ಸಿತ್ತು," ಎಂದಳು. "ನಾನೇ ಬೇಡ ಅಂತ ಕಳಿಸಿಬಿಟ್ಟೆ."

ಅವನು ಕೋಲನ್ನು ಪಕ್ಕಕ್ಕಿಟ್ಟ.

"ಒಳ್ಳೆಯವನಾ?"

"ತುಂಬಾ ಒಳ್ಳೆಯವನು."

ಡೆಲ್ಮರ್ ತಲೆಯಾಡಿಸಿದ.

"ಹಾಗಿದ್ರೆ ಅತ್ತುಬಿಡಿ ಅಕ್ಕಾ. ನಾನು ಇಲ್ಲೇ ಕೂತಿರ್ತೀನಿ," ಎಂದ.

ಅವಳಿಗೆ ನಾಚಿಕೆಯಾಗದಿರಲೆಂದು ಮುಖವನ್ನು ನೀರಿನ ಕಡೆ ತಿರುಗಿಸಿಕೊಂಡು ಕೂತ. ಅವಳು ಅತ್ತು ಮುಗಿಸುವವರೆಗೂ ಅವನು ಅಲ್ಲಿಂದ ಏಳಲಿಲ್ಲ. ಎದುರಿಗೇ ಎರಡು ಸಲ ಮೀನು ಎದ್ದರೂ ಕೋಲು ಮುಟ್ಟಲಿಲ್ಲ.